ಹಸು ಮಾರಿ ಗೇಣಿ, ಮೊಟ್ಟೆ ಮಾರಿ ಚಹಾ: ಹಳೆಯ ಐರ್ಲೆಂಡಿನ ಹಳ್ಳಿ ವ್ಯಾಪಾರಕ್ಕೊಂದು ಕೈಪಿಡಿ

1900ರ ಆಸುಪಾಸಿನಲ್ಲಿ ಐರ್ಲೆಂಡಿನ ಸಣ್ಣ ರೈತನ ಕೈಗೆ ನಗದು ದುಡ್ಡು ಬರುತ್ತಿದ್ದದ್ದು ವರ್ಷದಲ್ಲಿ ಬೆರಳೆಣಿಕೆಯ ಸಲ. ಬಂದದ್ದೂ ನಿಲ್ಲುತ್ತಿರಲಿಲ್ಲ. ಮೇ 1 ಮತ್ತು ನವೆಂಬರ್ 1, ಸಾಮಾನ್ಯವಾಗಿ ಈ ಎರಡು ದಿನ ಜಮೀನ್ದಾರನಿಗೆ ಅರ್ಧ ವರ್ಷದ ಗೇಣಿ ಕಟ್ಟಬೇಕಿತ್ತು. ಆದ್ದರಿಂದ ಅಲ್ಲಿಯ ವ್ಯಾಪಾರ ಅರ್ಥವಾಗಬೇಕಾದರೆ ಬೆಲೆಗಿಂತ ಮೊದಲು ಒಂದು ವಿಷಯ ತಿಳಿದಿರಬೇಕು: ಯಾವ ವಸ್ತು ಯಾವ ಬಾಕಿಗೆ ಹೋಗುತ್ತದೆ ಎಂಬುದು. ದನ ಮತ್ತು ಹಂದಿ ಗೇಣಿಗೆ, ಮೊಟ್ಟೆ ಮತ್ತು ಬೆಣ್ಣೆ ಅಂಗಡಿಗೆ, ಮೈದುಡಿಮೆ ನೆರೆಯವರಿಗೆ. ಹಂದಿಗೆ ‘ಗೇಣಿ ಕಟ್ಟುವ ದೊಡ್ಡಮನುಷ್ಯ’ ಎಂಬ ಅಡ್ಡಹೆಸರು ಬಂದದ್ದು ಹೀಗೆ. ಹಂದಿಯ ದುಡ್ಡಿನಲ್ಲಿ ಸಕ್ಕರೆ, ಹೊಗೆಸೊಪ್ಪು ಕೊಂಡ ಮನೆ ನವೆಂಬರಿನಲ್ಲಿ ಬಡ್ಡಿಯವನ ಬಾಗಿಲಿಗೆ ಹೋಗಲೇಬೇಕಿತ್ತು.

ಆ ಕಾಲವನ್ನು ಕಥೆಗೋ ನಾಟಕಕ್ಕೋ ಪಾಠಕ್ಕೋ ಮರುಕಟ್ಟುವವರಿಗೆ ಬೇಕಾಗುವ ವಿವರಗಳು ಇಲ್ಲಿವೆ. ಹೆಚ್ಚಿನವು 1880ರಿಂದ 1930ರವರೆಗಿನ ರೂಢಿಗಳು. ಊರಿಂದೂರಿಗೆ ಸ್ವಲ್ಪ ಬದಲಾಗುತ್ತಿದ್ದವು.

ಮೊದಲು ಲೆಕ್ಕ

ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ನಿ. ಹಾಗಾಗಿ ಪೌಂಡಿಗೆ 240 ಪೆನ್ನಿ. ಅರ್ಧ ಕ್ರೌನ್ ಎಂದರೆ 2 ಶಿಲ್ಲಿಂಗ್ 6 ಪೆನ್ನಿ, ಎಂಟು ಕೂಡಿದರೆ ಒಂದು ಪೌಂಡ್. ರೂಪಾಯಿ-ಆಣೆ-ಪೈ ಲೆಕ್ಕ ಕಂಡ ಹಿರಿಯರಿಗೆ ಇದು ಕಷ್ಟವೆನಿಸದು. ಗಿನಿ ಎಂದರೆ 21 ಶಿಲ್ಲಿಂಗ್. ನಾಣ್ಯ ನಿಂತುಹೋದ ಮೇಲೂ ಕುದುರೆಯ ಬೆಲೆಯನ್ನು ಗಿನಿಯಲ್ಲೇ ಹೇಳುತ್ತಿದ್ದರು. ‘ಇಪ್ಪತ್ತು’ ಎಂದು ಕೈ ತಟ್ಟುವ ಮೊದಲು ಪೌಂಡೋ ಗಿನಿಯೋ ಕೇಳಿಕೊಳ್ಳಿ, ಇಪ್ಪತ್ತಕ್ಕೆ ಒಂದು ಪೌಂಡ್ ವ್ಯತ್ಯಾಸ ಬೀಳುತ್ತದೆ. ಸ್ವತಂತ್ರವಾದ ಐರಿಷ್ ರಾಜ್ಯ 1928ರಲ್ಲಿ ತನ್ನದೇ ನಾಣ್ಯ ತಂದಾಗ ಅವುಗಳ ಮೇಲೆ ಬಂದದ್ದು ಸಂತೆಯ ಸರಕೇ ಎನ್ನಬಹುದು: ಪೆನ್ನಿಯ ಮೇಲೆ ಮರಿಗಳೊಡನೆ ಕೋಳಿ, ಅರ್ಧ ಪೆನ್ನಿಯ ಮೇಲೆ ಮರಿಗಳೊಡನೆ ಹೆಣ್ಣುಹಂದಿ, ಶಿಲ್ಲಿಂಗಿನ ಮೇಲೆ ಹೋರಿ, ಅರ್ಧ ಕ್ರೌನಿನ ಮೇಲೆ ಕುದುರೆ.

ತೂಕದಲ್ಲಿ 14 ರಾತ್ತಲಿಗೆ (ಪೌಂಡ್ ತೂಕಕ್ಕೆ) ಒಂದು ಸ್ಟೋನ್. ಧಾನ್ಯಕ್ಕೆ ಬ್ಯಾರೆಲ್ ಲೆಕ್ಕ, ಆದರೆ ಬ್ಯಾರೆಲ್ ಎಲ್ಲಕ್ಕೂ ಒಂದೇ ಅಲ್ಲ: ಗೋಧಿಗೆ 20 ಸ್ಟೋನ್, ಬಾರ್ಲಿಗೆ 16, ಓಟ್ಸಿಗೆ 14. ಮೊಟ್ಟೆಯನ್ನು ಡಜನ್ ಅಥವಾ ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು. ಸಗಟಿನಲ್ಲಿ ‘ದೊಡ್ಡ ನೂರು’ ಎಂದರೆ 120.

ದನದ ಸಂತೆ

ಐರಿಷ್ ಭಾಷೆಯಲ್ಲಿ ಸಂತೆಗೆ ‘ಏನಖ್’ ಎನ್ನುತ್ತಾರೆ. ಟಿಪ್ಪರರಿ ಜಿಲ್ಲೆಯ ನೀನಾ ಪಟ್ಟಣದ ಹೆಸರಿಗೆ ಅರ್ಥವೇ ‘ಸಂತೆ’. ಸಂತೆಗಾಗಿ ಬೇರೆ ಮೈದಾನವಿದ್ದ ಊರುಗಳು ಕಡಿಮೆ, ಪಟ್ಟಣದ ಬೀದಿಯೇ ಸಂತೆ. ದನ ನುಗ್ಗಿ ಗಾಜು ಒಡೆಯದಿರಲಿ ಎಂದು ಅಂಗಡಿಯವರು ಹಿಂದಿನ ಸಂಜೆಯೇ ಕಿಟಕಿಗಳಿಗೆ ಅಡ್ಡ ಹಲಗೆ ಕಟ್ಟುತ್ತಿದ್ದರು. ಯಾವ ಊರಿನ ಸಂತೆ ಯಾವ ತಾರೀಖು ಎಂಬುದು ವರ್ಷದ ಪಂಚಾಂಗದಲ್ಲಿ ಅಚ್ಚಾಗುತ್ತಿತ್ತು. ಕೆಲವು ಊರುಗಳಲ್ಲಿ ದನದ ಸಂತೆಯ ಹಿಂದಿನ ದಿನ ಹಂದಿಯ ಸಂತೆ. ದೊಡ್ಡವು ಬೇರೆ: ಕೆರ್ರಿಯ ಕಿಲ್ಲಾರ್ಗ್ಲಿನ್‌ನಲ್ಲಿ ಆಗಸ್ಟ್ 10ರಿಂದ 12ರವರೆಗೆ ಮೂರು ದಿನದ ಪಕ್ ಸಂತೆ, ಅಕ್ಟೋಬರಿನಲ್ಲಿ ಬ್ಯಾಲಿನಸ್ಲೋ, ಜುಲೈ 12ಕ್ಕೆ ಕಾರ್ಕ್ ಜಿಲ್ಲೆಯ ಕಾಹಿರ್‌ಮೀಯಲ್ಲಿ ಕುದುರೆ.

ನಡುರಾತ್ರಿ ದಾಟುತ್ತಲೇ ಮನೆ ಬಿಡಿ. ಹೊರೂರಿನ ವ್ಯಾಪಾರಿಗಳು ಬೆಳಕು ಹರಿಯುವ ಮೊದಲೇ ಕೊಳ್ಳಲು ಶುರುಮಾಡುತ್ತಾರೆ, ಕೊಂಡ ದನವನ್ನು ಅದೇ ದಿನದ ರೈಲಿಗೆ ಏರಿಸಬೇಕು. ಹತ್ತು ಗಂಟೆಗೆ ಬಂದವನಿಗೆ ಉಳಿದ ಗಿರಾಕಿ, ಉಳಿದ ಬೆಲೆ. ಇಬ್ಬರಾದರೂ ಬೇಕು. ಒಬ್ಬ ದನದ ಹಿಂದೆ. ಇನ್ನೊಬ್ಬ, ಸಾಮಾನ್ಯವಾಗಿ ಮನೆಯ ಹುಡುಗ, ಮುಂದೆ ಓಡಿ ಪ್ರತಿ ಅಡ್ಡದಾರಿ, ಪ್ರತಿ ಬೇಲಿಸಂದಿಯಲ್ಲಿ ನಿಂತು ತಡೆಯಬೇಕು. ಅವಸರದಿಂದ ಅಟ್ಟಬೇಡಿ. ಬೆವತು ಹೊಟ್ಟೆ ಒಳಸೇರಿದ ಹಸು ಬಡಕಲಾಗಿ ಕಾಣುತ್ತದೆ. ಊರು ಮುಟ್ಟಿದ ಮೇಲೆ ನೀರು ಕುಡಿಸಿ, ಒಂದು ಹಿಡಿ ಹುಲ್ಲು ಹಾಕಿ, ಬಾಲದ ಸಗಣಿ ಒರೆಸಿ ನಿಲ್ಲಿಸಿ.

ಊರಿಗೆ ಮೈಲಿ ದೂರವಿರುವಾಗಲೇ ಕತ್ತಲಲ್ಲಿ ಒಬ್ಬ ಎದುರಾಗಿ ಬೆಲೆ ಕೇಳುತ್ತಾನೆ. ಅವನು ದೊಡ್ಡ ವ್ಯಾಪಾರಿಯ ಆಳು. ಇಂದಿನ ದರ ನಿಮ್ಮ ಕಿವಿಗೆ ಬೀಳುವ ಮೊದಲೇ ಮುಗಿಸಿಬಿಡುವುದು ಅವನ ಕೆಲಸ. ‘ಊರಲ್ಲಿ ನೋಡೋಣ’ ಎಂದು ಮುಂದೆ ನಡೆಯಿರಿ. ಅವನು ಹೇಳಿದ ಅಂಕಿಯನ್ನು ಮಾತ್ರ ನೆನಪಿಡಿ. ಬೆಲೆ ಅದಕ್ಕಿಂತ ಮೇಲೆ ಇದೆ ಎಂಬುದಂತೂ ಗೊತ್ತಾಯಿತಲ್ಲ.

ಚೌಕಾಸಿ

ಇಲ್ಲಿ ಎಲ್ಲವೂ ಬಹಿರಂಗ. ಸುತ್ತ ಜನ ನಿಂತು ಕೇಳುತ್ತಾರೆ, ಬೇಕೆಂದೇ ಕೇಳಿಸಿಕೊಳ್ಳುತ್ತಾರೆ. ಬೆಲೆ ಕೂಗಿ ಹೇಳಿದ್ದೇ ಮುಂದಿನ ಸಾಕ್ಷಿ.

ಲೆಕ್ಕಕ್ಕೆಂದು ಒಂದು ಹಸು ಹಿಡಿಯಿರಿ. ನಿಮ್ಮ ಮನಸ್ಸಿನಲ್ಲಿ 12 ಪೌಂಡ್ ಇದೆ. ಗಿರಾಕಿ ಬಂದು ಹಸುವನ್ನು ನೋಡಿಯೂ ನೋಡದಂತೆ ನಿಂತು ‘ಎಷ್ಟು?’ ಎನ್ನುತ್ತಾನೆ. 14 ಎನ್ನಿ. 12 ಎಂದರೆ ಕೊನೆಗೆ ಕೈಗೆ ಹತ್ತೂವರೆ ಬರುತ್ತದೆ. 20 ಎಂದರೆ ಅವನು ಮರಳಿ ಬರುವುದೇ ಇಲ್ಲ. ಅವನು 10 ಎಂದು, ಹಸುವಿನ ಮೇಲೆ ಎರಡು ಕುಂದು ಹೊರಿಸಿ, ಹೊರಟುಬಿಡುತ್ತಾನೆ. ಹಿಂದಿನಿಂದ ಕರೆಯಬೇಡಿ. ಅವನು ಹೋಗುವುದು ನಾಲ್ಕು ಹೆಜ್ಜೆ. ಆಗ ದಲ್ಲಾಳಿ ಪ್ರವೇಶಿಸುತ್ತಾನೆ. ಅಲ್ಲಿ ಅವನಿಗೆ ‘ಟ್ಯಾಂಗ್ಲರ್’ ಎಂದು ಹೆಸರು. ತೋಳು ಹಿಡಿದು ಗಿರಾಕಿಯನ್ನು ಎಳೆದು ತರುತ್ತಾನೆ, ನಿಮ್ಮ ಕೈಯನ್ನೂ ಎಳೆಯುತ್ತಾನೆ, ಎರಡನ್ನೂ ಒಂದರ ಮೇಲೊಂದು ಬಡಿಯಲು ನೋಡುತ್ತಾನೆ. ಹತ್ತಕ್ಕೂ ಹದಿನಾಲ್ಕಕ್ಕೂ ನಡುವೆ ಮುರಿಯಿರಿ ಎನ್ನುತ್ತಾನೆ. ‘ಇವನ ಮಾತು ಮುರಿಯಬೇಡ’ ಎಂದು ಎರಡೂ ಕಡೆಗೆ ಗದರುತ್ತಾನೆ.

ಇಲ್ಲಿ ಎಡವುವವರು ಹೆಚ್ಚು. ದಲ್ಲಾಳಿ ನಿಷ್ಪಕ್ಷಪಾತಿ ಎಂದು ನಂಬಬೇಡಿ. ಅನೇಕ ಸಲ ಅವನಿಗೆ ಕೂಲಿ ಕೊಡುವವನು ಕೊಳ್ಳುವವನೇ. ‘ನಡುವೆ ಮುರಿ’ ಎಂದಾಗ ಯಾವ ಎರಡು ಅಂಕಿಗಳ ನಡುವೆ ಎಂದು ನೋಡಿ. ನೀವು 14ರಿಂದ 13ಕ್ಕೆ ಇಳಿದು, ಅವನು 10ರಲ್ಲೇ ನಿಂತಿದ್ದರೆ ನಡು ಹನ್ನೊಂದೂವರೆ. ಹಾಗಾಗಿ ಅವನು ಒಂದು ಏರುವವರೆಗೆ ನೀವು ಒಂದು ಇಳಿಯಬಾರದು. ನಿಮ್ಮ ಪರವಾಗಿ ಮಾತಾಡಲು ಅನುಭವಿ ನೆರೆಯವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಒಪ್ಪಿಗೆಯಾದರೆ ಅಂಗೈಗೆ ಉಗುಳು ಹಚ್ಚಿ ಕೈಗೆ ಕೈ ಬಡಿಯುತ್ತಾರೆ. ಆ ಸದ್ದಿನ ನಂತರ ಹಿಂದೆ ಸರಿದವನ ಹತ್ತಿರ ಮುಂದಿನ ಸಂತೆಯಲ್ಲಿ ಯಾರೂ ನಿಲ್ಲುವುದಿಲ್ಲ. ಆದರೆ ಕೈ ಬಡಿಯುವ ಮೊದಲೇ ಇತ್ಯರ್ಥವಾಗಬೇಕಾದ್ದು ಒಂದಿದೆ: ಕೊಸರು. ಮಾರಿದವನು ಪೂರ್ತಿ ಹಣ ಎಣಿಸಿಕೊಂಡ ಮೇಲೆ ಅದರಲ್ಲಿ ಸ್ವಲ್ಪವನ್ನು ಕೊಂಡವನಿಗೆ ‘ಅದೃಷ್ಟದ ಕಾಸು’ ಎಂದು ಹಿಂದಿರುಗಿಸಬೇಕು. ಹಸುವಿಗಾದರೆ ಕೆಲವು ಶಿಲ್ಲಿಂಗ್, ಕುದುರೆಗೆ ಇನ್ನೂ ಹೆಚ್ಚು. ಕೊಡದಿದ್ದರೆ ದನಕ್ಕೆ ಒಳ್ಳೆಯದಾಗದು ಎಂಬ ನಂಬಿಕೆ. ಚುರುಕಾದ ಗಿರಾಕಿ ಬೆಲೆಯಲ್ಲಿ ಗೆಲ್ಲಲಾಗದ್ದನ್ನು ಕೊಸರಿನಲ್ಲಿ ಕೀಳುತ್ತಾನೆ: 12 ಪೌಂಡಿಗೆ ಒಪ್ಪಿ, ಹಣ ಕೊಡುವಾಗ ಹತ್ತು ಶಿಲ್ಲಿಂಗ್ ಹಿಡಿದುಕೊಳ್ಳುತ್ತಾನೆ. ಅದಕ್ಕೇ ಬೆಲೆಯ ಜೊತೆಗೇ ಹೇಳಿ: ‘ಹನ್ನೆರಡು, ಕೊಸರು ಅರ್ಧ ಕ್ರೌನ್.’

ಮಾತು ಮುಗಿದ ಕೂಡಲೇ ಕೊಂಡವನು ಹಸುವಿನ ಚಪ್ಪೆಯ ಮೇಲೆ ಕತ್ತರಿಯಿಂದ ಕೂದಲು ಕತ್ತರಿಸಿ ಅಥವಾ ಕೆಸರು, ಕೆಮ್ಮಣ್ಣು ಬಳಿದು ತನ್ನ ಗುರುತು ಹಾಕುತ್ತಾನೆ. ಪ್ರತಿ ವ್ಯಾಪಾರಿಗೆ ಅವನದೇ ಗುರುತು. ಗುರುತು ಬಿದ್ದ ದನಕ್ಕೆ ಬೇರೆ ಯಾರೂ ಬೆಲೆ ಕೇಳುವುದಿಲ್ಲ. ಆದ್ದರಿಂದ ಬೆಲೆ ಗಟ್ಟಿಯಾಗದೆ ಕತ್ತರಿ ತಾಗಿಸಲು ಬಿಡಬೇಡಿ. ಹಣ ಬೀದಿಯಲ್ಲಿ ಸಿಗುವುದು ಅಪರೂಪ. ವ್ಯಾಪಾರಿ ಒಂದು ಚೀಟಿ ಕೊಡುತ್ತಾನೆ, ದನವನ್ನು ರೈಲು ನಿಲ್ದಾಣದವರೆಗೆ ಹೊಡೆದುಕೊಂಡು ಹೋಗಿ ಒಪ್ಪಿಸುವುದು ನಿಮ್ಮ ಪಾಲಿನ ಕೆಲಸ. ಆಮೇಲೆ ಹೋಟೆಲಿನಲ್ಲೋ ಮದ್ಯದಂಗಡಿಯಲ್ಲೋ ಅವನು ಕೂತಿರುವಲ್ಲಿ ಚೀಟಿ ತೋರಿಸಿ ಹಣ ಪಡೆಯಬೇಕು. ಚೀಟಿಯಲ್ಲಿ ಬೆಲೆ ಸರಿಯಾಗಿದೆಯೇ ಎಂದು ಓದಬಲ್ಲವರಿಂದ ಅಲ್ಲೇ ಓದಿಸಿಕೊಳ್ಳಿ.

ಊರ ಹೊರದಾರಿಯಲ್ಲಿ ಸುಂಕದ ಕಟ್ಟೆ. ಸಂತೆ ನಡೆಸುವ ಹಕ್ಕು ಬಹಳ ಕಡೆ ಜಮೀನ್ದಾರನದು, ಆ ಹಕ್ಕಿನ ಮೇಲೆ ಸುಂಕ. ಮಾರಾಟವಾದ ದನಕ್ಕೆ ಕಟ್ಟಬೇಕು. ಮಾರಾಟವಾಗಲಿಲ್ಲ ಎಂದರೆ ಪ್ರಮಾಣ ಮಾಡಿಸುತ್ತಿದ್ದ ಕಡೆಗಳೂ ಇದ್ದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ಅಲ್ಲಿಗೂ ಸಲ್ಲುವ ಮಾತು.

ಕೊಳ್ಳುವವರು ನೋಡಬೇಕಾದ್ದು

ಹಸುವಿನ ವಯಸ್ಸಿಗೆ ಹಲ್ಲು ಮೊದಲು. ಎರಡು ದೊಡ್ಡ ಹಲ್ಲು ಬಂದಿದ್ದರೆ ಹೆಚ್ಚುಕಡಿಮೆ ಎರಡು ವರ್ಷ, ಎಂಟೂ ಬಂದಿದ್ದರೆ ನಾಲ್ಕರ ಸುಮಾರು. ಆಮೇಲೆ ಕೊಂಬು: ಕೊಂಬಿನ ಉಂಗುರಗಳನ್ನು ಎಣಿಸಿ ಎರಡು ಕೂಡಿಸಿದರೆ ವಯಸ್ಸು. ಉಂಗುರಗಳನ್ನು ಅರದಿಂದ ಉಜ್ಜಿ ಮುದಿಹಸುವನ್ನು ಎಳೆಯದಾಗಿಸುವ ವಿದ್ಯೆ ವ್ಯಾಪಾರಿಗಳಿಗೆ ಗೊತ್ತಿತ್ತು. ಅತಿಯಾಗಿ ನುಣುಪಾದ ಕೊಂಬು ಕಂಡರೆ ಬಾಯಿ ತೆರೆಸಿ ನೋಡಿ.

ಕೆಚ್ಚಲು ನೋಡಿ ಮರುಳಾಗಬೇಡಿ. ಹಿಂದಿನ ಸಂಜೆಯಿಂದ ಹಾಲು ಕರೆಯದೆ, ಕೆಚ್ಚಲು ಬಿಗಿಸಿಕೊಂಡು ತಂದ ಹಸು ಯಾವಾಗಲೂ ಭಾರಿ ಕರಾವಿನದರಂತೆ ಕಾಣುತ್ತದೆ. ನಾಲ್ಕೂ ಮೊಲೆಯಿಂದ ಒಂದೆರಡು ಹನಿ ಹಿಂಡಿ. ಒಂದರಿಂದ ಬಾರದಿದ್ದರೆ, ಅಥವಾ ಹಾಲಿನಲ್ಲಿ ಗಂಟು ಕಂಡರೆ, ಕೆಚ್ಚಲು ಬಾವು ಬಂದು ಹೋದದ್ದೆಂದು ತಿಳಿಯಿರಿ. ಕುದುರೆಯನ್ನು ನಿಂತಲ್ಲೇ ಕೊಳ್ಳುವುದು ತಪ್ಪು. ಬೀದಿಯುದ್ದ ಓಡಿಸಿ, ನಿಂತ ಮೇಲೆ ಉಸಿರು ಕೇಳಿ, ಕಣ್ಣೆದುರು ಕೈ ಆಡಿಸಿ. ‘ಉಸಿರೂ ಕಾಲೂ ಗಟ್ಟಿ’ ಎಂದು ಸಾಕ್ಷಿಗಳೆದುರು ಮಾರುವವನ ಬಾಯಲ್ಲಿ ಹೇಳಿಸಿ.

ಕುದುರೆ, ಕತ್ತೆಗಳಲ್ಲಿ ಅದಲುಬದಲೂ ಸಾಮಾನ್ಯ. ಎರಡು ಪ್ರಾಣಿಗಳ ಬೆಲೆ ಸಮವಾಗದಿದ್ದರೆ ಕಡಿಮೆಯದನ್ನು ಕೊಡುವವನು ಮೇಲೆ ನಗದು ಸೇರಿಸುತ್ತಾನೆ. ಇಂಗ್ಲಿಷ್ ಮಾತಿನಲ್ಲಿ ಅದಕ್ಕೆ ‘ಬೂಟ್’. ಕ್ರಮ ಹೀಗಿರಲಿ: ಮೊದಲು ಎರಡೂ ಪ್ರಾಣಿಗೆ ಬೇರೆ ಬೇರೆಯಾಗಿ ನಗದು ಬೆಲೆ ಮನಸ್ಸಿನಲ್ಲೇ ಕಟ್ಟಿ, ವ್ಯತ್ಯಾಸ ಲೆಕ್ಕಹಾಕಿ, ಆಮೇಲೆ ಬೂಟಿನ ಮಾತೆತ್ತಿ. ನೇರ ಬೂಟಿನಿಂದಲೇ ಶುರುಮಾಡಿದರೆ ‘ಮೂರು ಪೌಂಡ್ ಕೊಡುತ್ತೇನೆ’ ಎಂಬುದು ದೊಡ್ಡದಾಗಿ ಕೇಳಿಸಿ, ಎಂಟು ಪೌಂಡಿನ ಅಂತರ ಮರೆತೇಹೋಗುತ್ತದೆ.

ಮೊಟ್ಟೆ, ಬೆಣ್ಣೆ: ಹೆಂಗಸರ ಲೆಕ್ಕ

ಕೋಳಿ ಮನೆಯಾಕೆಯದು, ಅದರ ದುಡ್ಡೂ ಆಕೆಯದು. ವಾರಕ್ಕೊಮ್ಮೆ ಬುಟ್ಟಿ ಹೊತ್ತು ಅಂಗಡಿಗೆ ಹೋದರೆ, ಅಂಗಡಿಯವನು ಎಣಿಸಿ ಬೆಲೆ ಕಟ್ಟಿ ಅಷ್ಟಕ್ಕೆ ಚಹಾ, ಸಕ್ಕರೆ, ಸೋಪು, ಸೀಮೆಎಣ್ಣೆ, ಗಂಡನಿಗೆ ಹೊಗೆಸೊಪ್ಪು ಕೊಡುತ್ತಿದ್ದ. ನಗದು ಕೈ ಬದಲಾಗುತ್ತಲೇ ಇರಲಿಲ್ಲ. ಇಲ್ಲಿ ಅಂಗಡಿಯವನಿಗೆ ಎರಡು ಕಡೆ ಲಾಭ: ಮೊಟ್ಟೆಯ ಬೆಲೆಯೂ ಅವನೇ ಹೇಳುತ್ತಾನೆ, ಚಹಾದ ಬೆಲೆಯೂ ಅವನೇ. ಆದ್ದರಿಂದ ಮೊಟ್ಟೆ ಎಣಿಸುವ ಮೊದಲೇ ಚಹಾದ ದರ ಕೇಳಿ. ಮನೆಬಾಗಿಲಿಗೆ ಬರುವ ಮೊಟ್ಟೆ ವ್ಯಾಪಾರಿ ನಗದು ಕೊಡುವವನಾದರೆ ಡಜನ್ನಿಗೆ ಅರ್ಧ ಪೆನ್ನಿ ಕಡಿಮೆಯಾದರೂ ಒಮ್ಮೊಮ್ಮೆ ಅದೇ ಲಾಭ.

ಮೊಟ್ಟೆಯನ್ನು ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ತೊಳೆದರೆ ಚಿಪ್ಪಿನ ಮೇಲಿನ ಪೊರೆ ಹೋಗಿ ಬೇಗ ಕೆಡುತ್ತದೆ. ಬುಟ್ಟಿಯ ತಳಕ್ಕೆ ಹುಲ್ಲು ಅಥವಾ ಓಟ್ಸ್ ಹೊಟ್ಟು ಹಾಕಿ. ಇಟ್ಟ ಮೊಟ್ಟೆ ಇನ್ನೂ ಬಿಸಿಯಿರುವಾಗಲೇ ಅಂಗೈಗೆ ಬೆಣ್ಣೆ ಹಚ್ಚಿಕೊಂಡು ಉರುಳಿಸುವ ಪದ್ಧತಿ ಕಾರ್ಕ್ ಕಡೆ ಇತ್ತು. ಬೆಣ್ಣೆ ಚಿಪ್ಪಿನ ರಂಧ್ರ ಮುಚ್ಚುವುದರಿಂದ ವಾರಗಟ್ಟಲೆ ತಾಳುತ್ತದೆ. ದೊಡ್ಡ ತಪ್ಪೆಂದರೆ ಶರತ್ಕಾಲದಲ್ಲಿ ಬೆಲೆ ಏರುವುದನ್ನು ಕಾದು ಮೊಟ್ಟೆ ಕೂಡಿಡುವುದು. ಹಳಸಿದ ಒಂದೆರಡು ಸೇರಿ ಇಡೀ ಪೆಟ್ಟಿಗೆಯ ಮಾನ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಐರಿಷ್ ಮೊಟ್ಟೆಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೂ ಹೌದು. 1924ರ ಮೊಟ್ಟೆ ಕಾಯಿದೆ ಪರೀಕ್ಷೆ, ದರ್ಜೆ, ಪ್ಯಾಕಿಂಗ್ ಎಲ್ಲಕ್ಕೂ ನಿಯಮ ತಂದಿತು.

ದಕ್ಷಿಣದಲ್ಲಿ ಬೆಣ್ಣೆಯ ದಾರಿಯೆಲ್ಲ ಕಾರ್ಕ್ ಪೇಟೆಗೆ. 56 ರಾತ್ತಲು ಹಿಡಿಯುವ ಫರ್ಕಿನ್ ಎಂಬ ಮರದ ಪೀಪಾಯಿಯಲ್ಲಿ ಉಪ್ಪು ಬೆರೆಸಿದ ಬೆಣ್ಣೆ ತುಂಬಿ ಗಾಡಿಯಲ್ಲಿ ಕಳಿಸುತ್ತಿದ್ದರು. 18ನೇ ಶತಮಾನದಲ್ಲಿ ಶುರುವಾದ ಆ ಪೇಟೆ 1924ರಲ್ಲಿ ಮುಚ್ಚಿತು. ಪರೀಕ್ಷಕ ಉದ್ದ ಕೊರೆಗೋಲನ್ನು ತಳದವರೆಗೆ ತೂರಿಸಿ ಎಳೆದು, ಬಣ್ಣ ನೋಡಿ, ಮೂಸಿ, ರುಚಿ ನೋಡಿ ದರ್ಜೆ ಹಾಕುತ್ತಿದ್ದ. ಮೇಲೆ ಹೊಸ ಬೆಣ್ಣೆ, ಕೆಳಗೆ ಹಳೆಯದು ಎಂಬ ಆಟ ಕೊರೆಗೋಲಿನ ಮುಂದೆ ನಡೆಯದು. ಒಂದೇ ಹಸುವಿನ ಮನೆಯವರು ಪೀಪಾಯಿ ತುಂಬಿಸಲು ವಾರಗಳು ಬೇಕು, ಅಷ್ಟರಲ್ಲಿ ತಳದ್ದು ಕಮಟು ಹಿಡಿಯುತ್ತದೆ. ಅಂಥವರು ಬೆಣ್ಣೆಯನ್ನು ಮುದ್ದೆಯಾಗಿ ಊರ ಸಂತೆಯಲ್ಲೇ ಮಾರುವುದು ಮೇಲು. 1889ರಲ್ಲಿ ಲಿಮರಿಕ್ ಜಿಲ್ಲೆಯ ಡ್ರೊಮ್‌ಕಾಲೊಹರ್‌ನಲ್ಲಿ ಮೊದಲ ಸಹಕಾರಿ ಹಾಲಿನ ಡೇರಿ ತೆರೆದ ಮೇಲೆ ಈ ತೊಂದರೆ ಮೆಲ್ಲಗೆ ಕಡಿಮೆಯಾಯಿತು. ಆದರೆ ಡೇರಿಯ ದುಡ್ಡು ಗಂಡಸಿನ ಹೆಸರಿಗೆ ಬಂತು. ಬೆಣ್ಣೆ ಕಡೆಯುತ್ತಿದ್ದ ಹೆಂಗಸಿನ ಲೆಕ್ಕ ಮೊಟ್ಟೆಗೆ ಇಳಿಯಿತು.

ಉದ್ದರಿ ಪುಸ್ತಕ

ಬೇಸಿಗೆಯಲ್ಲಿ ಹಳೆಯ ಆಲೂಗಡ್ಡೆ ಮುಗಿದು ಹೊಸದು ಬಾರದಿರುವಾಗ ಎಲ್ಲರೂ ಉದ್ದರಿಗೆ ಬೀಳುತ್ತಿದ್ದರು. ಹೆಚ್ಚಾಗಿ ತರುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು. ಅದಕ್ಕೆ ಅಲ್ಲಿ ‘ಇಂಡಿಯನ್ ಮೀಲ್’ ಎಂದು ಹೆಸರು. ನಮ್ಮ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ, 1846ರ ಬರಗಾಲದಲ್ಲಿ ಅಮೆರಿಕದಿಂದ ಬಂದು ಉಳಿದದ್ದು.

ಉದ್ದರಿಯಲ್ಲಿ ಜಾರುವ ಜಾಗ ಮೂರು. ಪುಸ್ತಕ ಒಂದೇ, ಅದೂ ಅಂಗಡಿಯಲ್ಲಿ. ನಗದಿನವನಿಗೊಂದು ಬೆಲೆ, ಉದ್ದರಿಯವನಿಗೊಂದು. ಬಾಕಿ ಇರುವವರೆಗೆ ಬೇರೆ ಅಂಗಡಿಗೆ ಹೋಗುವಂತಿಲ್ಲ, ಮೊಟ್ಟೆಯನ್ನೂ ಬೇರೆಯವರಿಗೆ ಮಾರುವಂತಿಲ್ಲ. ಹೀಗೆ ಸಾಲ ಕೊಡುವ ಅಂಗಡಿಯವನಿಗೆ ‘ಗಾಂಬೀನ್ ಮನುಷ್ಯ’ ಎನ್ನುತ್ತಿದ್ದರು. ಗಾಂಬೀನ್ ಎಂದರೆ ಐರಿಷ್‌ನಲ್ಲಿ ಬಡ್ಡಿ. ನಿಮ್ಮದೊಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಪ್ರತಿ ಸಲ ಬರೆಸಿ. ಓದು ಬಾರದಿದ್ದರೆ ಕೋಲಿನ ಮೇಲೆ ಗೀರು ಹಾಕಿ, ಅದೂ ಲೆಕ್ಕವೇ. ದನ ಮಾರಿದ ದಿನವೇ ಬಾಕಿ ತೀರಿಸಿ, ಪುಟಕ್ಕೆ ಅಡ್ಡಗೆರೆ ಹೊಡೆಸಿ. ಡೊನೆಗಲ್‌ನ ಡಂಗ್ಲೋದಲ್ಲಿ 1906ರಲ್ಲಿ ಪ್ಯಾಟ್ರಿಕ್ ಗ್ಯಾಲಹರ್ ಮತ್ತು ನೆರೆಯವರು ಸಹಕಾರ ಸಂಘ ಕಟ್ಟಿ ಒಟ್ಟಾಗಿ ಸಾಮಾನು ತರಿಸತೊಡಗಿದ್ದು ಈ ಕುಣಿಕೆಯಿಂದ ಹೊರಬರಲಿಕ್ಕೇ.

ಅಂಗಡಿಯಲ್ಲಿ ಒಂದು ಕೊಸರು ಮಾತ್ರ ಗಿರಾಕಿಗೆ ಸಲ್ಲುತ್ತಿತ್ತು: ಕ್ರಿಸ್‌ಮಸ್‌ಗೆ ಅಂಗಡಿಯವನು ಕೊಡುವ ಉಡುಗೊರೆ, ದೊಡ್ಡ ಮೇಣದಬತ್ತಿಯೋ ಹಣ್ಣಿನ ಬ್ರೆಡ್ಡೋ. ಯಾವ ಅಂಗಡಿಯದು ದೊಡ್ಡದು ಎಂಬುದರ ಮೇಲೆ ಮುಂದಿನ ವರ್ಷದ ನಿಷ್ಠೆ ನಿಂತಿರುತ್ತಿತ್ತು.

ದುಡ್ಡಿಲ್ಲದ ವ್ಯಾಪಾರ

ನಮ್ಮ ಮುಯ್ಯಾಳಿಗೆ ಅಲ್ಲಿ ‘ಮೆಹಲ್’ ಎಂಬ ಹೆಸರು. ಒಕ್ಕಲು, ಹುಲ್ಲು ಕೊಯ್ಲು, ಪೀಟ್ (ಜೌಗುನೆಲದಿಂದ ತೆಗೆದು ಒಣಗಿಸಿ ಉರಿಸುವ ಮಣ್ಣು) ಕಡಿಯುವುದು, ಈ ಕೆಲಸಗಳಿಗೆ ನೆರೆಯವರೆಲ್ಲ ಒಂದು ದಿನ ಬರುತ್ತಾರೆ; ನೀವು ಒಬ್ಬೊಬ್ಬರಿಗೂ ಒಂದೊಂದು ದಿನ ಹಿಂದಿರುಗಿಸಬೇಕು. ಊಟ ನಿಮ್ಮದು, ಅದರಲ್ಲಿ ಜಿಪುಣತನ ಮಾಡಿದರೆ ಮುಂದಿನ ವರ್ಷ ಅರ್ಧ ಜನ. ಒಂದೊಂದೇ ಕುದುರೆಯಿದ್ದ ಇಬ್ಬರು ರೈತರು ಸೇರಿ ಜೋಡಿ ಹೂಡುತ್ತಿದ್ದರು. ಕುದುರೆ ಇಲ್ಲದವನು ಕುದುರೆಯ ದಿನಕ್ಕೆ ಎಷ್ಟು ಆಳಿನ ದಿನ ಎಂಬುದನ್ನು ಉಳುಮೆಗೆ ಮೊದಲೇ ಮಾತಾಡಿಕೊಳ್ಳಬೇಕು. ಉತ್ತ ಮೇಲೆ ಮಾತಾಡಿದರೆ ಜಗಳ.

ಹಂದಿ ಕೊಯ್ದಾಗ ಹಸಿಮಾಂಸ, ರಕ್ತದ ಪುಡ್ಡಿಂಗ್ ನೆರೆಮನೆಗಳಿಗೆ ಹಂಚುವುದೂ ಇದೇ ಲೆಕ್ಕದ್ದು. ಎಲ್ಲರೂ ಒಂದೇ ವಾರ ಕೊಯ್ದರೆ ಇದು ಕೆಡುತ್ತದೆ. ಸರದಿ ಹಿಡಿದರೆ ಚಳಿಗಾಲವೆಲ್ಲ ಆಗಾಗ ತಾಜಾ ಮಾಂಸ. ಕಮ್ಮಾರನಿಗೆ ಕೊಯ್ದ ಪ್ರಾಣಿಯ ತಲೆ, ಗಿರಣಿಯವನಿಗೆ ಬೀಸಿದ ಧಾನ್ಯದಲ್ಲಿ ಪಾಲು. ಅಲೆಮಾರಿ ತವರದ ಕೆಲಸಗಾರರು ಡಬ್ಬಿ, ಬಕೆಟ್ಟು ಮಾಡಿಕೊಟ್ಟರೆ ಆಲೂಗಡ್ಡೆ, ಹಾಲು, ಹಿಟ್ಟು. ಹಳೆ ಬಟ್ಟೆಗೆ ಪಿಂಗಾಣಿ ಬಟ್ಟಲು ಕೊಡುವವರೂ ಬರುತ್ತಿದ್ದರು. ಗಾಲ್ವೇ ಕರಾವಳಿಯ ಆಚೆಯ ಆರನ್ ದ್ವೀಪಗಳಲ್ಲಿ ಉರಿಸಲು ಪೀಟ್ ಇಲ್ಲ, ಬರೀ ಸುಣ್ಣಕಲ್ಲು. ಎದುರಿನ ಕಾನಮಾರಾದಲ್ಲಿ ಪೀಟ್ ಧಾರಾಳ, ಸುಣ್ಣಕಲ್ಲಿಲ್ಲ. ಹಾಯಿದೋಣಿಗಳು ಪೀಟ್ ಇಳಿಸಿ, ಮರಳುವಾಗ ಸುಣ್ಣ ಸುಡುವ ಗೂಡಿಗೆಂದು ಸುಣ್ಣಕಲ್ಲು ತುಂಬಿಕೊಂಡು ಹೋಗುತ್ತಿದ್ದವು.

ಮೈದುಡಿಮೆಯನ್ನೇ ಮಾರುವ ಸಂತೆಯೂ ಉತ್ತರದಲ್ಲಿತ್ತು. ಸ್ಟ್ರಬೇನ್, ಲೆಟರ್‌ಕೆನ್ನಿಗಳಲ್ಲಿ ಮೇ ಮತ್ತು ನವೆಂಬರಿನಲ್ಲಿ ಬಡ ಮನೆಯ ಹುಡುಗ-ಹುಡುಗಿಯರು ಬಟ್ಟೆಗಂಟು ಹಿಡಿದು ಬೀದಿಯಲ್ಲಿ ನಿಲ್ಲುತ್ತಿದ್ದರು. ಆರು ತಿಂಗಳ ಸಂಬಳಕ್ಕೆ ಚೌಕಾಸಿ; ಒಪ್ಪಿದರೆ ರೈತ ಒಂದು ಶಿಲ್ಲಿಂಗ್ ಸಂಚಕಾರ ಕೊಟ್ಟು ಗಂಟನ್ನು ತಾನು ಇಟ್ಟುಕೊಳ್ಳುತ್ತಿದ್ದ, ಸಂಜೆಯೊಳಗೆ ಓಡಿಹೋಗದಿರಲೆಂದು. ಸಂಬಳ ಕೊನೆಗೇ ಸಿಗುವುದು. ನಡುವೆ ಬಿಟ್ಟರೆ ಅದುವರೆಗಿನದೂ ಹೋದಂತೆ; ಹಾಗಾಗಿ ಸಂಬಳದಷ್ಟೇ ಊಟ, ಮಲಗುವ ಜಾಗ ಕೇಳಿಕೊಳ್ಳುವುದೂ ಮುಖ್ಯ.

ದಿನ ನೋಡಿ

ಬೋಣಿಯ ಕಾಸಿಗೆ ಉಗುಳು ಸೋಕಿಸಿ ಜೇಬಿಗಿಳಿಸುವುದು ಮಾಮೂಲು. ಮೇ 1ರಂದು ಹಾಲು, ಬೆಣ್ಣೆ, ಬೆಂಕಿ ಮನೆಯಿಂದ ಹೊರಹೋಗಬಾರದು. ಆ ದಿನ ಕೊಟ್ಟರೆ ವರ್ಷದ ಬೆಣ್ಣೆಯ ಭಾಗ್ಯವೇ ಹೋಗುತ್ತದೆಂಬ ಭಯ. ಆ ಬೆಳಿಗ್ಗೆ ಕೆಂಡ ಕೇಳಲು ಬಂದವರನ್ನು ಮಾಟಗಾತಿಯೆಂದು ಶಂಕಿಸುತ್ತಿದ್ದರು. ಭಾನುವಾರದ ವ್ಯಾಪಾರಕ್ಕೆ ಮಾತ್ರ ನಿಷೇಧವಿರಲಿಲ್ಲ: ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಳಿಯ ಅಂಗಡಿಗಳಲ್ಲಿ ವಾರದ ಸಾಮಾನು ಕೊಳ್ಳುವ ಜನಸಂದಣಿ ಇರುತ್ತಿತ್ತು.

1950ರ ದಶಕದ ನಡುವಿನಿಂದ ಸಹಕಾರಿ ದನದ ಮಾರುಕಟ್ಟೆಗಳು ಬಂದವು: ಕಟಕಟೆ, ತೂಕದ ಯಂತ್ರ, ಹರಾಜು ಕೂಗುವವನು. ಬೀದಿಯ ಸಂತೆಗಳು ಹೆಚ್ಚಿನವು ಒಂದೆರಡು ದಶಕದಲ್ಲಿ ನಿಂತವು, ದಲ್ಲಾಳಿಯ ಕೆಲಸವೂ ಹೋಯಿತು. ಈ ಹೊಸ ಮಾರುಕಟ್ಟೆಗಳಲ್ಲಿ ಮಾರುವವರು ತಿಳಿದಿರಬೇಕಾದ್ದು ಕಡಿಮೆ: ಕೂಗಿದ ಬೆಲೆ ಸಾಲದೆನಿಸಿದರೆ ಒಪ್ಪುವುದಿಲ್ಲವೆಂದು ಕೂಡಲೇ ಹೇಳಬೇಕು, ಮತ್ತು ಕೊಂಡವನು ಕಟಕಟೆಯಿಂದ ಹೊರಗೆ ಬಂದು ಕೈ ಚಾಚಿದರೆ ಜೇಬಿನಲ್ಲಿ ಕೊಸರಿಗೆ ಚಿಲ್ಲರೆ ಇರಬೇಕು.